ಕೇಳಿದರೆ ಮಾತ್ರ

ಅಣ್ಣನ ಬಿಲ್ಲು ತೀರಾ ಕಡಿಮೆಯಾಗಿತ್ತು. ಬೆಳಗಿನ ಹತ್ತೂವರೆ, ಆಸ್ಪತ್ರೆಯ ಕೌಂಟರಿನ ಮುಂದಿನ ಸಾಲು ಸ್ವಲ್ಪ ಕರಗಿದ ಹೊತ್ತು. ಅವಳು ಪರದೆಯನ್ನು ತನ್ನ ಕಡೆಗೆ ಒಂದಿಷ್ಟು ತಿರುಗಿಸಿಕೊಂಡು, ಪಕ್ಕದ ಕುರ್ಚಿಯವಳು ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಮೂರನೆಯ ಮಹಡಿಯ ಹದಿನಾಲ್ಕನೆಯ ಹಾಸಿಗೆಯ ಲೆಕ್ಕವನ್ನು ತೆರೆದಳು. ಮೊದಲು ಆದದ್ದು ಸಂತೋಷ. ಹೊಟ್ಟೆ ಕೊಯ್ದು ಪಿತ್ತಕೋಶ ತೆಗೆದು ಮೂರು ದಿನವಾದ ಮನುಷ್ಯನಿಗೆ ಇಷ್ಟೇ ಎಂದು ಮನಸ್ಸು ಹಗುರಾಯಿತು. ತಾನು ಅಂದಾಜು ಮಾಡಿಟ್ಟುಕೊಂಡದ್ದಕ್ಕಿಂತ ಎಷ್ಟೋ ಕೆಳಗಿತ್ತು. ಆ ಸಂತೋಷ ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತೂ ನಿಲ್ಲಲಿಲ್ಲ. ಹತ್ತೊಂಬತ್ತು ವರ್ಷ ಇದೇ ಕುರ್ಚಿಯಲ್ಲಿ ಕೂತು ಪಳಗಿದ ಕಣ್ಣು ಅದು. ಒಡತಿ ಸಂತೋಷಪಡಲಿ, ಅಳಲಿ, ತನ್ನ ಪಾಡಿಗೆ ತಾನು ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು, ಎಲ್ಲೋ ಒಂದು ಕಡೆ ಎಡವಿತು. ಇರಬೇಕಾದ್ದು ಏನೋ ಇಲ್ಲ. ಏನೆಂದು ತಕ್ಷಣ ಹೊಳೆಯಲಿಲ್ಲ. ಅವಳು ಕನ್ನಡಕ ತೆಗೆದು ಕರವಸ್ತ್ರದಿಂದ ಒರೆಸಿ ಮತ್ತೆ ಹಾಕಿಕೊಂಡಳು.

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕೌಂಟರ್ ಅಕ್ಕ ಎಂದೇ ಕರೆಯುತ್ತಾರೆ. ಹಣ ಕಟ್ಟಿಸಿಕೊಳ್ಳುವುದು ಅವಳ ಕೆಲಸದ ಅರ್ಧ ಮಾತ್ರ; ಇನ್ನರ್ಧ, ವಾರ್ಡಿನವರು ಬರೆಯಲು ಮರೆತದ್ದನ್ನು ಹಿಡಿಯುವುದು. ಕೈಗವಸು ಎರಡು ಜೊತೆ ಹೋಗಿದೆ, ಒಂದೇ ಬರೆದಿದ್ದಾರೆ. ಗಾಯಕ್ಕೆ ಬಟ್ಟೆ ಕಟ್ಟಿದ್ದಾರೆ, ಕತ್ತರಿಸಿದ ಅಂಟುಪಟ್ಟಿ ಬರೆದಿಲ್ಲ. ಹೀಗೆ ಸೋರಿಹೋಗುವುದನ್ನು ತಡೆದದ್ದಕ್ಕೆ ಎರಡು ವರ್ಷದ ಹಿಂದೆ ಅವಳಿಗೆ ಒಂದು ಗೋಡೆ ಗಡಿಯಾರ ಬಹುಮಾನ ಬಂದಿತ್ತು. ಬಿಲ್ಲು ಓದಿಯೇ ರೋಗಿಯ ಸಮಾಚಾರ ಹೇಳಿಬಿಡುತ್ತಿದ್ದಳು. ಒಂದೇ ದಿನ ಎರಡು ಸಲ ಹಾಸಿಗೆ ಬಟ್ಟೆ ಬದಲಾಗಿದ್ದರೆ ವಾಂತಿ. ಮೂರು ದಿನದಿಂದ ಇಲ್ಲದ ನಿದ್ರೆ ಮಾತ್ರೆ ಇದ್ದಕ್ಕಿದ್ದಂತೆ ಕಾಣಿಸಿಕೊಂಡರೆ ಜೊತೆಗಿದ್ದ ಹೆಂಡತಿ ಮನೆಗೆ ಹೋಗಿದ್ದಾಳೆ. ಅದೇ ಮಾತ್ರೆ ನಿಂತುಹೋದರೂ ಕೆಲವೊಮ್ಮೆ ಅದೇ ಕಾರಣ ಎಂದು ಅವಳು ಹೇಳಿದಾಗ ಪಕ್ಕದವಳು ನಗು ತಡೆಯಲಾರದೆ ಮೇಜಿನ ಕೆಳಗೆ ಬಗ್ಗಿದ್ದಳು. ಈಗ ಅವಳಿಗೆ ಹೊಳೆಯಿತು. ನೋವಿನ ಇಂಜೆಕ್ಷನ್ ಇಲ್ಲ. ಹಗಲಿನದ್ದೂ ಇಲ್ಲ, ರಾತ್ರಿಯದ್ದೂ ಇಲ್ಲ. ಹೊಟ್ಟೆಯ ಮೇಲ್ಭಾಗ ಕೊಯ್ಯಿಸಿಕೊಂಡ ಯಾರ ಬಿಲ್ಲಿನಲ್ಲಿಯೂ ಅದಿಲ್ಲದ್ದನ್ನು ಅವಳು ಈವರೆಗೆ ಕಂಡಿರಲಿಲ್ಲ. ಠೊಣಪರಂಥ ಗಂಡಸರೂ ಮೊದಲ ದಿನವೇ ಮೂರು ಸಲ ಕೇಳಿ ಹಾಕಿಸಿಕೊಳ್ಳುತ್ತಾರೆ.

ಕೈ ತಾನಾಗಿಯೇ ಫೋನಿಗೆ ಹೋಯಿತು. "ಕೌಂಟರಿಂದ. ಹದಿನಾಲ್ಕರದ್ದು ನೋವಿನ ಇಂಜೆಕ್ಷನ್ ಬಿಟ್ಟುಹೋಗಿದೆ ನೋಡಿ. ಮೂರು ದಿನದ್ದು. ಈಗ್ಲೇ ಸೇರಿಸಿ ಕಳಿಸಿ," ಎಂದಳು, ಎಲ್ಲರಿಗೂ ಹೇಳುವ ಅದೇ ದನಿಯಲ್ಲಿ, ಸ್ವಲ್ಪ ಗದರಿಕೆಯನ್ನೂ ಬೆರೆಸಿ. ಆ ಕಡೆಯಿಂದ ಮೂರನೆಯ ಮಹಡಿಯ ಹಿರಿಯ ನರ್ಸಿನ ದನಿ ಬಂತು: "ಬಿಟ್ಟಿಲ್ಲ ಅಕ್ಕಾ. ಅವರು ತಗೊಂಡೇ ಇಲ್ಲ. ಡಾಕ್ಟ್ರು 'ಕೇಳಿದರೆ ಮಾತ್ರ' ಅಂತ ಬರೆದಿದಾರೆ. ನಿಮ್ಮಣ್ಣ ಕೇಳಿದ್ರೆ ತಾನೆ?" ಅವಳು ಫೋನಿಟ್ಟಳು. ನಿಮ್ಮಣ್ಣ ಎಂದ ಮೇಲೆಯೇ ಅವಳಿಗೆ ತಾನು ಮಾಡಿದ್ದೇನೆಂದು ಅರ್ಥವಾದದ್ದು. ಹೆತ್ತವರಿಲ್ಲದ ಮನೆಯಲ್ಲಿ ತನ್ನನ್ನು ಸಾಕಿ ಬೆಳೆಸಿದವನ ನೋವು ಕಾಣೆಯಾದದ್ದನ್ನು ಕಂಡು, ಅದಕ್ಕೆ ಯಾಕೆ ದುಡ್ಡು ಹಾಕಿಲ್ಲವೆಂದು ಕೇಳಿದ್ದಳು. ಮುಖ ಬಿಸಿಯಾಯಿತು. ನೋಡಿದವರು ಯಾರೂ ಇಲ್ಲದಿದ್ದರೂ ಎಲ್ಲರೂ ನೋಡಿದಂತಾಗಿ ಅವಳು ಮೇಜಿನ ಮೇಲಿದ್ದ ರಸೀದಿಗಳನ್ನು ಸುಮ್ಮನೆ ಜೋಡಿಸತೊಡಗಿದಳು.

ಅಣ್ಣ ಯಾಕೆ ಕೇಳಲಿಲ್ಲವೆಂಬುದು ರಸೀದಿ ಜೋಡಿಸುವ ಕೈಗಳಿಗೆ ಮೊದಲೇ ಗೊತ್ತಾಗಿತ್ತೇನೋ, ಅವು ನಿಧಾನವಾದವು. ದಾಖಲಾದ ದಿನ ಅವನನ್ನು ಹಾಸಿಗೆಯಲ್ಲಿ ಕೂರಿಸಿ, ತಲೆಯ ಬಳಿಯಿದ್ದ ಕರೆಗಂಟೆಯ ಗುಂಡಿ ತೋರಿಸಿ, ಅತ್ತಿಗೆಯನ್ನು ನಗಿಸಬೇಕೆಂದೇ ಅವಳು ಅಂದಿದ್ದಳು: "ಹುಷಾರು ಅಣ್ಣಾ, ಇಲ್ಲಿ ಇದನ್ನ ಒಂದ್ಸಲ ಒತ್ತಿದ್ರೂ ಕೆಳಗೆ ನನ್ನ ಮೀಟರ್ ಓಡುತ್ತೆ." ಅತ್ತಿಗೆ ನಕ್ಕಿದ್ದಳು. ಅಣ್ಣ ನಗಲಿಲ್ಲ, ತನ್ನ ಅಂಗಡಿಗೆ ಬಂದ ಹೊಸ ಮಾದರಿಯ ಹೊಲಿಗೆ ಯಂತ್ರವನ್ನು ನೋಡುವಂತೆ ಆ ಗುಂಡಿಯನ್ನು ಗಂಭೀರವಾಗಿ ನೋಡಿದ್ದ. ಹೊಲಿಗೆ ಯಂತ್ರ ರಿಪೇರಿಯ ಅವನ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಬದಲಾಯಿಸಿದ ಹಳೆಯ ಭಾಗವನ್ನು ಕಾಗದದಲ್ಲಿ ಸುತ್ತಿ ಗಿರಾಕಿಯ ಕೈಗೆ ಕೊಟ್ಟ ಮೇಲೆಯೇ ಅವನು ದುಡ್ಡು ಮುಟ್ಟುವುದು. ಆಪರೇಷನ್ ಆದ ಮರುದಿನ ಡಾಕ್ಟರು ಅವನ ಪಿತ್ತಕೋಶದ ಹರಳುಗಳನ್ನು ಪುಟ್ಟ ಬಾಟಲಿಯಲ್ಲಿ ಹಾಕಿ ಕೊಟ್ಟಾಗ ಅವನಿಗೆ ಆದ ಸಮಾಧಾನ ಅಷ್ಟಿಷ್ಟಲ್ಲ. "ಈ ಆಸ್ಪತ್ರೇಲಿ ಇದೊಂದು ಮಾತ್ರ ಸರಿಯಾಗಿ ನಡೆಯೋದು," ಎಂದಿದ್ದ, ಬಾಟಲಿಯನ್ನು ಬೆಳಕಿಗೆ ಹಿಡಿದು. ಆಗಲೂ ಅವನ ಮಾತು ಗಂಟಲಿನಿಂದಷ್ಟೇ ಬರುತ್ತಿತ್ತು, ಎದೆಯಿಂದಲ್ಲ. ಅದನ್ನು ಕೇಳಿಸಿಕೊಂಡೂ ಅವಳು ಕೇಳಿಸಿಕೊಂಡಿರಲಿಲ್ಲ.

"ಇಲ್ನೋಡಿ ಮೇಡಂ," ಎಂದು ಗಾಜಿನ ಆಚೆ ಒಬ್ಬ ಹೆಂಗಸು ಕಾಗದ ಒತ್ತಿ ಹಿಡಿದಳು. "ಹತ್ತಿ ಅಂತ ಬರೆದಿದೀರಿ. ಇಷ್ಟು ದುಡ್ಡಿಗೆ ನಾನು ದಿಂಬು ತುಂಬಿಸ್ತೀನಲ್ಲ?" ಕೌಂಟರ್ ಅಕ್ಕನ ಬಾಯಲ್ಲಿ ಉತ್ತರ ಸಿದ್ಧವಿತ್ತು, ವರ್ಷಗಟ್ಟಲೆ ಹೇಳಿ ನುಣುಪಾದ ಉತ್ತರ: ಇದು ಬರೀ ಹತ್ತಿಯಲ್ಲಮ್ಮ, ಶುದ್ಧ ಮಾಡಿದ್ದು, ಬಿಸಿ ಆವಿಯಲ್ಲಿ ಇಟ್ಟಿದ್ದು. ಅದನ್ನೇ ಹೇಳಿದಳು. ಹೆಂಗಸು ಒಪ್ಪಲೂ ಇಲ್ಲ, ಜಗಳವಾಡಲೂ ಇಲ್ಲ. ಕುಪ್ಪಸದೊಳಗಿಂದ ಮಡಿಸಿದ ನೋಟುಗಳನ್ನು ತೆಗೆದು, ಒಂದೊಂದಕ್ಕೂ ಬೆರಳು ಒದ್ದೆ ಮಾಡಿಕೊಂಡು ಎಣಿಸಿದಳು. ಎಣಿಸುವಾಗ ಅವಳ ತುಟಿ ಅಲ್ಲಾಡುತ್ತಿತ್ತು. ಬೇರೆ ದಿನವಾಗಿದ್ದರೆ ಕೌಂಟರ್ ಅಕ್ಕ ಆ ಹೊತ್ತಿನಲ್ಲಿ ಮುಂದಿನ ಕಡತ ತೆರೆದಿರುತ್ತಿದ್ದಳು. ಇವತ್ತು ಆ ತುಟಿಗಳನ್ನೇ ನೋಡುತ್ತ ಕೂತಳು, ಮತ್ತು ಅಣ್ಣ ದಾಖಲಾಗುವ ಹಿಂದಿನ ದಿನ ತಾನೂ ಮ್ಯಾನೇಜರ ಮುಂದೆ ಹೀಗೇ ನಿಂತಿದ್ದದ್ದು ನೆನಪಾಗಿ ಕಸಿವಿಸಿಯಾಯಿತು. ನೌಕರರಿಗೆ ಇಪ್ಪತ್ತು ಪರ್ಸೆಂಟ್ ರಿಯಾಯಿತಿ ಉಂಟು, ಆದರೆ ಫಾರಂನಲ್ಲಿ ಗಂಡ, ಹೆಂಡತಿ, ತಂದೆ, ತಾಯಿ, ಮಕ್ಕಳು ಎಂದಿತ್ತೇ ಹೊರತು ಅಣ್ಣ ಎಂಬ ಚೌಕವೇ ಇರಲಿಲ್ಲ. "ನಿಯಮ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು," ಎಂದಿದ್ದರು ಮ್ಯಾನೇಜರು, ನಗುತ್ತ, ನಿಜವಾಗಿಯೂ ಹೊಗಳುವ ಹಾಗೆ. ಅವಳೂ ನಕ್ಕು ಹೊರಬಂದಿದ್ದಳು. ಅದೇ ಸಂಜೆ ತನ್ನ ಭವಿಷ್ಯನಿಧಿಯಿಂದ ಹಣ ತೆಗೆಯುವ ಅರ್ಜಿ ತುಂಬಿ, ಅಣ್ಣನಿಗೆ ಹೇಳಬೇಡ ಎಂದು ಅತ್ತಿಗೆಯಿಂದ ಭಾಷೆ ತೆಗೆದುಕೊಂಡಿದ್ದಳು.

ಹೆಂಗಸಿಗೆ ಚಿಲ್ಲರೆ ಕೊಟ್ಟು, "ಹತ್ತು ನಿಮಿಷ ನೋಡ್ಕೊಳ್ಳೇ," ಎಂದು ಪಕ್ಕದವಳಿಗೆ ಹೇಳಿ ಅವಳು ಎದ್ದಳು. ರೋಗಿಗಳ ಲಿಫ್ಟನ್ನು ನೌಕರರು ಬಳಸಬಾರದು; ಮೆಟ್ಟಿಲು ಹತ್ತಿದಳು. ನಲವತ್ತೊಂಬತ್ತರ ಮಂಡಿ ಎರಡನೆಯ ಮಹಡಿಗೇ ದೂರು ಹೇಳಿತು. ಮೇಲೆ ಹಿರಿಯ ನರ್ಸು ಅವಳಿಗಾಗಿಯೇ ಕಾಯುತ್ತಿದ್ದಂತೆ ಎದುರಿಗೆ ಬಂದಳು. "ಅಕ್ಕಾ, ನಾವೂ ತಪ್ಪು ಮಾಡಿದ್ವಿ. ಇಂಥ ಒಳ್ಳೇ ಪೇಷಂಟು ಇಲ್ಲ, ಒಂದು ಸಲಾನೂ ಕರೆಯಲ್ಲ ಅಂತ ನಾವೆಲ್ಲಾ ಹೊಗಳ್ತಾ ಇದ್ವಿ. ಬೆಳಗ್ಗೆ ಜ್ವರ ನೂರಾ ಒಂದಕ್ಕೆ ಹೋಗಿದೆ. ನೋವಿಗೆ ಹೆದರಿ ಉಸಿರನ್ನ ಮೇಲೆ ಮೇಲೆ ಬಿಡ್ತಾ ಇದಾರೆ. ಕೆಮ್ಮೋದೇ ಇಲ್ಲ. ಕೆಳಗಡೆ ಶ್ವಾಸಕೋಶದಲ್ಲಿ ಕಫ ಕಟ್ಟಿಕೊಳ್ತಾ ಇದೆ ಅಂತ ಡಾಕ್ಟ್ರು ಅಂದ್ರು. ಸಂಜೆಯೊಳಗೆ ಚೆನ್ನಾಗಿ ಕೆಮ್ಮಿ ಹೊರಗೆ ಹಾಕಿದ್ರೆ ಸರಿ. ಇಲ್ಲಾಂದ್ರೆ ನ್ಯುಮೋನಿಯ, ಕೆಳಗೆ ಐಸಿಯು. ನೋವು ಕಡಿಮೆ ಆಗದೆ ಅವರು ಕೆಮ್ಮಲ್ಲ, ಇಂಜೆಕ್ಷನ್ ಅಂದ್ರೆ 'ಬೇಡ, ನೋವಿಲ್ಲ' ಅಂತಾರೆ. ಬಲವಂತ ಮಾಡೋಕಾಗುತ್ತಾ? ನೀವೇ ಹೇಳಿ."

ಅಣ್ಣ ದಿಂಬಿಗೆ ಒರಗಿ, ಮಿಸುಕಾಡದೆ ಕೂತಿದ್ದ. ಅರವತ್ತೊಂದರ ಮುಖ ಮೂರು ದಿನದಲ್ಲಿ ಸಣ್ಣದಾಗಿತ್ತು, ಗಡ್ಡ ಬಿಳಿಬಿಳಿಯಾಗಿ ಬೆಳೆದಿತ್ತು. ಸೂಜಿ ಕೂರಿಸಿ ಪಟ್ಟಿ ಅಂಟಿಸಿದ್ದ ಎಡಗೈಯನ್ನು ಹೊದಿಕೆಯೊಳಗೆ ಅಡಗಿಸಿಟ್ಟಿದ್ದ. ಅತ್ತಿಗೆ ಬಟ್ಟೆ ಒಗೆದು ಬರಲು ಮನೆಗೆ ಹೋಗಿದ್ದಳು. ಪಕ್ಕದ ಮೇಜಿನ ಮೇಲೆ, ಉಸಿರೆಳೆದರೆ ಮೂರು ಚೆಂಡು ಮೇಲೇಳುವ ಪ್ಲಾಸ್ಟಿಕ್ ಸಾಧನ, ಶ್ವಾಸಕೋಶದ ವ್ಯಾಯಾಮಕ್ಕೆಂದು ಕೊಟ್ಟದ್ದು, ಸುತ್ತಿದ ಕವರು ಕೂಡ ಬಿಚ್ಚದೆ ಕೂತಿತ್ತು. ಅವಳನ್ನು ನೋಡಿದ್ದೇ ಅವನ ಮುಖ ಅರಳಿತು. ಅವನಿಗೆ ಹಾಗೇ, ಅವಳು ಕಂಡರೆ ಸಾಕು, ಯಾವಾಗಲೂ ಹಾಗೇ. ಅವಳು ಶಾಲೆಯಿಂದ ಬರುವಾಗ ಅಂಗಡಿಯ ಬಾಗಿಲಲ್ಲಿ ಎಣ್ಣೆ ಕೈಯನ್ನು ಮೇಲೆತ್ತಿ ನಿಲ್ಲುತ್ತಿದ್ದ ಇಪ್ಪತ್ತರ ಹುಡುಗನ ಮುಖವೇ ಅದು. "ಅದನ್ನ ಬಿಚ್ಚಿಲ್ಲ ನೋಡು," ಎಂದ ಪಿಸುದನಿಯಲ್ಲಿ, ಪ್ಲಾಸ್ಟಿಕ್ಕಿನ ಕಡೆ ಗಲ್ಲ ತೋರಿಸಿ. "ಬಿಚ್ಚದಿದ್ರೆ ವಾಪಸ್ ತಗೋತಾರೆ ತಾನೆ?" ಎಂದು ಕೇಳಿ, ಜಾಣತನ ಮಾಡಿದವನಂತೆ ಕಣ್ಣು ಮಿಟುಕಿಸಿದ. ಅವಳು ಹಾಸಿಗೆಯ ಅಂಚಿನಲ್ಲಿ ಕೂತು ಅವನ ಹಣೆ ಮುಟ್ಟಿದಳು. ಕಾದಿತ್ತು.

"ಅಣ್ಣಾ, ಗಂಟೆ ಒತ್ತೋಕೆ ದುಡ್ಡಿಲ್ಲ. ನಾನವತ್ತು ತಮಾಷೆಗೆ ಅಂದಿದ್ದು."

"ಗಂಟೆಗೆ ಇಲ್ಲದಿರಬಹುದು. ಒತ್ತಿದ್ರೆ ಬರೋರು ಬರಿಗೈಲಿ ಬರ್ತಾರಾ?" ಎಂದ ಅಣ್ಣ. "ನನ್ನನ್ನೇನು ದಡ್ಡ ಅಂದ್ಕೊಂಡ್ಯಾ? ಮೊನ್ನೆ ಒಬ್ಬಳು ಬಂದು ದಿಂಬು ಸರಿ ಮಾಡಿದ್ಲು, ಎರಡು ಕೈಗವಸು ತೊಟ್ಟಿಗೆ ಎಸೆದು ಹೋದ್ಲು. ಆ ಕೈಗವಸು ಎಷ್ಟು?"

ಅವಳಿಗೆ ಗೊತ್ತಿತ್ತು. ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಹತ್ತೊಂಬತ್ತು ವರ್ಷದಲ್ಲಿ ಒಂದು ಅಂಕಿಯನ್ನೂ ತಪ್ಪು ಹೇಳಿದವಳಲ್ಲ, ಅದೊಂದೇ ಅವಳ ಮಾನ, ಹೇಳಿದಳು. ಅಣ್ಣ ಕಣ್ಣು ಮುಚ್ಚಿ ತೆರೆದ. "ನೋವಿನ ಇಂಜೆಕ್ಷನ್?" ಎಂದ. "ಎಂಟುನೂರ ಎಪ್ಪತ್ತು." "ಒಳಗಿರೋ ಔಷಧಿ ಎಷ್ಟಕ್ಕೆ ಬರುತ್ತೆ ನಿಮಗೆ?" "ನಲವತ್ತು."  ಅವನು ಅವಳ ಮುಖವನ್ನೇ ನೋಡಿದ, ಸವೆಯದ ಭಾಗವನ್ನು ಬದಲಾಯಿಸಿ ದುಡ್ಡು ಕೇಳಿದ ಬೇರೆ ಅಂಗಡಿಯವನನ್ನು ನೋಡುವಂತೆ. ಅವಳಿಗೆ ತಡೆಯಲಾಗಲಿಲ್ಲ. ಗಾಜಿನ ಹಿಂದೆ ಕೂತು ಯಾರಿಗೂ ಹೇಳದ ಮಾತುಗಳೆಲ್ಲ ಒಂದರ ಹಿಂದೊಂದು ಬಂದವು. ಕರೆಂಟು ಹೋದರೆ ಓಡುವ ಜನರೇಟರಿನ ಎಣ್ಣೆ ಅದರಲ್ಲಿದೆ ಅಣ್ಣಾ. ಕೆಳಗಿರುವ ಸ್ಕ್ಯಾನಿಂಗ್ ಮಶೀನು ಸಾಲದಲ್ಲಿ ತಂದದ್ದು, ಕೆಟ್ಟರೆ ಅದರ ಕಂಪನಿಯವನೇ ಬರಬೇಕು, ಬೇರೆ ಯಾರೂ ಮುಟ್ಟುವಂತಿಲ್ಲ, ಅವನು ಕೇಳಿದಷ್ಟು ಕೊಡಬೇಕು, ಅದೂ ಇದೆ. ವಿಮೆಯವರು ಅರ್ಧಕ್ಕೆ ಕೊಡಿ ಎಂದು ಹಿಂಡುತ್ತಾರೆ, ಅದಕ್ಕೇ ಆಸ್ಪತ್ರೆಯವರು ಮೊದಲೇ ಎರಡರಷ್ಟು ದರ ಅಚ್ಚು ಹಾಕಿಸಿರುತ್ತಾರೆ. ವಿಮೆ ಇಲ್ಲದ ನಿನ್ನಂಥವರು ಅಚ್ಚಾದದ್ದನ್ನು ಪೂರ್ತಿ ಕಟ್ಟುತ್ತೀರಿ. ಹಣ ಕಟ್ಟದೆ ಅರ್ಧಕ್ಕೇ ಎದ್ದುಹೋದವರದ್ದು, ತಾರೀಖು ಮುಗಿದು ಎಸೆದ ಔಷಧಿಯದ್ದು, ಎಲ್ಲ. ಯಜಮಾನರ ಲಾಭವೂ ಇದೆ, ಅದೆಷ್ಟು ಅಂತ ನನಗೂ ತೋರಿಸಲ್ಲ. "ನನ್ನ ಸಂಬಳಾನೂ ಅದರಲ್ಲೇ ಇದೆ," ಎಂದು ಕೊನೆಗೆ ಅಂದಳು. "ನಾನು ಕೂತಿರೋ ಕುರ್ಚಿ, ನನ್ನ ತಲೆ ಮೇಲಿರೋ ಫ್ಯಾನು."

"ಒಂದು ಸೂಜಿ ಬದಲಾಯಿಸಿ, ಅಂಗಡಿ ಬಾಡಿಗೆ, ನಿಮ್ಮತ್ತಿಗೆ ಕನ್ನಡಕ, ನನ್ನ ಚಹಾ ಎಲ್ಲಾನೂ ನಾನು ಗಿರಾಕಿ ತಲೆಗೆ ಕಟ್ತೀನಾ?"

"ಕಟ್ತೀಯ ಅಣ್ಣಾ. ಬಾಯಿಬಿಟ್ಟು ಹೇಳಲ್ಲ ಅಷ್ಟೆ."

ಅವನಿಗೆ ನಗು ಬಂತು. ನಗು ಹೊಟ್ಟೆಯವರೆಗೆ ಇಳಿದದ್ದೇ ಮುಖ ಕಿವುಚಿತು, ಬಲಗೈ ಗಾಯದ ಮೇಲೆ ಹೋಯಿತು, ಹಣೆಯ ಮೇಲೆ ಬೆವರೊಡೆಯಿತು. ನೋವಿಲ್ಲ ಎಂದು ಮೂರು ದಿನ ಎಲ್ಲರಿಗೂ ಹೇಳಿದ ಸುಳ್ಳು ಹಾಗೆ ಅವಳ ಕಣ್ಣೆದುರಿಗೇ ಬಯಲಾಯಿತು. ಅವನು ತುಟಿ ಕಚ್ಚಿಕೊಂಡು ಪುಟ್ಟ ಪುಟ್ಟ ಉಸಿರು ಬಿಡುತ್ತಿದ್ದ. ಪ್ರತಿ ಉಸಿರಿಗೂ ಒಳಗೆಲ್ಲೋ ಗೊರಗೊರ ಸದ್ದು. ಅವಳಿಗೆ ಭಯವಾಯಿತು. ಭಯದಲ್ಲಿ ತನಗೆ ಗೊತ್ತಿದ್ದ ಒಂದೇ ಭಾಷೆಯಲ್ಲಿ ಮಾತಾಡಿದಳು. "ಈಗ ಎಂಟುನೂರು ಉಳಿಸಿ ನಾಳೆ ಐಸಿಯುಗೆ ಹೋದ್ರೆ ದಿನಕ್ಕೆ ಎಷ್ಟು ಗೊತ್ತಾ? ನಲವತ್ತು ಸಾವಿರ!" ಅಣ್ಣ ಒಂದು ಕ್ಷಣ ಅವಳನ್ನು ನೋಡಿ, ಹೊದಿಕೆ ಸರಿಸಿ, ಕಾಲುಗಳನ್ನು ನೆಲಕ್ಕಿಳಿಸಿದ. "ಹಾಗಾದ್ರೆ ಈಗ್ಲೇ ಮನೆಗೆ ಹೋಗೋಣ. ನನ್ನ ಚಪ್ಪಲಿ ಕೊಡು." ಎದ್ದು ನಿಲ್ಲಲು ಹೋದವನು ವಾಲಿದ. ಅವಳು ಎರಡೂ ಕೈಯಲ್ಲಿ ಅವನನ್ನು ಹಿಡಿದು ಮತ್ತೆ ಮಲಗಿಸಿದಳು. ಎಷ್ಟು ಹಗುರಾಗಿದ್ದ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಇವನ ಬೆನ್ನ ಮೇಲೆ ಕೂತು ಇವನ ಕತ್ತಿನ ಬೆವರು ಮೂಸುತ್ತ ಡಾಕ್ಟರ ಮನೆಗೆ ಹೋಗಿದ್ದಳು. ಆಗ ಇವನು ಇಡೀ ಬೀದಿಯಷ್ಟು ಅಗಲವಿದ್ದ. ನಾನು ಏನು ಹೇಳಿದರೂ ಇವನು ಇನ್ನಷ್ಟು ದೂರ ಹೋಗುತ್ತಾನೆ ಎಂದು ಅವಳಿಗೆ ಅನ್ನಿಸಿತು. ನಿಜ ಹೇಳಿದರೆ ಜಿಪುಣನಾಗುತ್ತಾನೆ, ಹೆದರಿಸಿದರೆ ಓಡಿಹೋಗುತ್ತಾನೆ. ಅವಳಿಗೆ ಅಳು ಬಂತು, ಅತ್ತಳು. ಪಕ್ಕದ ಹಾಸಿಗೆಯ ಮುದುಕ ಮರ್ಯಾದೆಯಿಂದ ಗೋಡೆಯ ಕಡೆ ತಿರುಗಿಕೊಂಡ.

"ಅಳಬೇಡ್ವೇ," ಎಂದ ಅಣ್ಣ ಕೊನೆಗೆ. "ನನ್ನ ದುಡ್ಡಾಗಿದ್ರೆ ಹಾಕಿಸ್ಕೋತಿದ್ದೆ, ನಾನೇನು ನೋವು ಸಹಿಸೋ ಶೂರನಾ? ನಿನ್ನ ಭವಿಷ್ಯನಿಧಿ ಮುರಿಸ್ತಿದೀಯಂತೆ. ನಿಮ್ಮತ್ತಿಗೆ ಬಾಯಿ ಬಿಟ್ಲು. ಹತ್ತೊಂಬತ್ತು ವರ್ಷ ಕೂತು ಸೇರಿಸಿದ್ದು. ನಾನು ಒಂದ್ಸಲ ಅಯ್ಯೋ ಅಂದ್ರೆ ಅದರಲ್ಲಿ ಇಷ್ಟು ಹೋಗುತ್ತೆ ಅಂತ ಗೊತ್ತಿದ್ದೂ ಹೇಗೆ ಅನ್ಲಿ?"

ಅವಳು ಮೂಗೊರೆಸಿಕೊಂಡಳು. ಮೂರು ದಿನದ ರಾತ್ರಿ ಹಗಲು ಅವನು ಹಲ್ಲು ಕಚ್ಚಿ ಉಳಿಸಿದ್ದು ತಂಗಿಯ ಮುಪ್ಪಿನ ಆಸರೆಯನ್ನು ಎಂದು ತಿಳಿದಾಗ ಅವಳಿಗೆ ಅವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು, ಅವನನ್ನು ಅಪ್ಪಿಕೊಳ್ಳಬೇಕೆನ್ನಿಸಿತು, ಎರಡನ್ನೂ ಒಟ್ಟಿಗೆ ಮಾಡಲು ದಾರಿ ತೋಚದೆ ಗದರಿದಳು. "ನಾನು ಕಾಲೇಜು ಓದುವಾಗ ನನಗೆಷ್ಟು ಸುರಿದೆ ಅಂತ ನಿನ್ನನ್ನ ಒಂದು ದಿನ ಲೆಕ್ಕ ಕೇಳಿದ್ನಾ?"

"ಕೇಳಿದ್ದೆ ನೀನು," ಎಂದ ಅಣ್ಣ. "ಮೊದಲ್ನೇ ವರ್ಷ. ಊಟಕ್ಕೆ ಕೂತಿದ್ವಿ. ಕಾಲೇಜು ಬಿಟ್ಟು ನಿನ್ನ ಅಂಗಡೀಲಿ ಕೂರ್ತೀನಿ ಅಂತ ಮುಖ ಊದಿಸ್ಕೊಂಡಿದ್ದೆ, ತಟ್ಟೆ ಮುಟ್ಟಿರ್ಲಿಲ್ಲ. ಫೀಸೆಷ್ಟಾಯ್ತು ಹೇಳು, ಆಮೇಲೆ ತಿಂತೀನಿ ಅಂದೆ. ಎಂಬತ್ತು ರೂಪಾಯಿ ಅಂದೆ ನಾನು."

"ಎಂಬತ್ತಿತ್ತಾ?"

"ಎಲ್ಲಿ ಬಂತು, ಎಷ್ಟೋ ಜಾಸ್ತಿ ಇತ್ತು. ನೀನು ಅಷ್ಟೇನಾ ಅಂದೆ. ತಟ್ಟೆ ಎಳ್ಕೊಂಡು ತಿಂದೆ. ನನಗೆ ಅಷ್ಟು ಸಾಕಾಗಿತ್ತು."

ಆ ಊಟ ಅವಳಿಗೆ ನೆನಪಿತ್ತು. ಅಣ್ಣನಿಗೆ ಗೊತ್ತಿಲ್ಲದ ಒಂದು ಸಂಗತಿಯೂ ನೆನಪಿತ್ತು. ಅದೇ ಬೆಳಗ್ಗೆ ಕಾಲೇಜಿನ ಸೂಚನಾ ಫಲಕದ ಮುಂದೆ ನಿಂತು ಅವಳು ಫೀಸಿನ ಪಟ್ಟಿ ಓದಿದ್ದಳು, ಪ್ರತಿ ಅಂಕಿಯನ್ನೂ. ಎಂಬತ್ತು ಎಂದು ಅಣ್ಣ ಹೇಳಿದಾಗ ಅವನ ಕಿವಿ ಕೆಂಪಾದದ್ದನ್ನು ಅವಳು ಕಂಡಿದ್ದಳು. ಆದರೂ ಅಷ್ಟೇನಾ ಎಂದು ಕೇಳಿ ತಿಂದಿದ್ದಳು.  ಇಷ್ಟು ವರ್ಷ ಅದನ್ನು ತನ್ನ ಸ್ವಾರ್ಥವೆಂದು ಮನಸ್ಸಿನ ಮೂಲೆಯಲ್ಲಿ ಇಟ್ಟುಕೊಂಡಿದ್ದಳು. ಈಗ ಎದುರಿಗೆ ಕೂತವನ ಬಿಳಿ ಗಡ್ಡ, ಆ ಊಟವನ್ನು ನೆನೆದು ಅವನ ಮುಖದಲ್ಲಿ ಮೂಡಿದ್ದ ತೃಪ್ತಿ ನೋಡಿದಾಗ, ಅದು ಸ್ವಾರ್ಥವಾಗಿರಲಿಲ್ಲವೇನೋ ಎನ್ನಿಸಿತು.

ಅವಳು ಕೈ ಚಾಚಿ ಕರೆಗಂಟೆಯ ಗುಂಡಿ ಒತ್ತಿದಳು. ಹೊರಗೆ ಬಾಗಿಲ ಬಳಿಯೇ ಇದ್ದಳೇನೋ, ಹಿರಿಯ ನರ್ಸು ತಟ್ಟೆಯಲ್ಲಿ ಸಿರಿಂಜು ಸಿದ್ಧಮಾಡಿಕೊಂಡೇ ಬಂದಳು. "ಇದು ಹಾಕಿ ಇಪ್ಪತ್ತು ನಿಮಿಷ ಬಿಟ್ಟು, ಈ ದಿಂಬನ್ನ ಹೊಟ್ಟೆಗೆ ಒತ್ತಿ ಹಿಡ್ಕೊಂಡು ಜೋರಾಗಿ ಕೆಮ್ಮಬೇಕು ಅಪ್ಪಾಜಿ. ನಾನೂ ಹಿಡ್ಕೋತೀನಿ, ಅಕ್ಕಾನೂ ಹಿಡ್ಕೋತಾರೆ." ಅಣ್ಣನ ಎಡಗೈ ಹೊದಿಕೆಯೊಳಗೇ ಇತ್ತು. ಅವನು ಸಿರಿಂಜನ್ನು ನೋಡಿದ, ತಂಗಿಯನ್ನು ನೋಡಿದ.

"ಇದಕ್ಕೆ ಎಷ್ಟು?" ಎಂದ.

ನರ್ಸು ತಲೆ ತಗ್ಗಿಸಿದಳು. ಸ್ವಲ್ಪ ಮುಂಚೆ ಇದೇ ಹಾಸಿಗೆಯ ಅಂಚಿನಲ್ಲಿ ಕೂತು ತಾನೇ ಹೇಳಿದ ಎಂಟುನೂರ ಎಪ್ಪತ್ತು ಇನ್ನೂ ಎಲ್ಲೂ ಹೋಗಿರಲಿಲ್ಲ. ಕೌಂಟರ್ ಅಕ್ಕನಿಗೆ ತನ್ನ ಕಿವಿ ಬಿಸಿಯಾಗುವುದು ಗೊತ್ತಾಯಿತು.

"ಹದಿನೈದು ರೂಪಾಯಿ," ಎಂದಳು.

ಅಣ್ಣ ಕೆಂಪಾದ ಅವಳ ಕಿವಿಯನ್ನೇ ನೋಡಿದ.

"ಅಷ್ಟೇನಾ?" ಎಂದು, ಹೊದಿಕೆಯೊಳಗಿಂದ ಕೈ ತೆಗೆದು ನರ್ಸಿನ ಮುಂದೆ ಚಾಚಿದ.